ಗ್ರಾಂನಿಂದ ಮೋಲ್‌ಗೆ, ಮೋಲ್‌ನಿಂದ ಉತ್ತರಕ್ಕೆ: ರಾಸಾಯನಿಕ ಕ್ರಿಯೆಗಳ ಲೆಕ್ಕ ಮಾಡುವ ಬಗೆ

ಸಮೀಕರಣದಲ್ಲಿ ಪ್ರತಿ ವಸ್ತುವಿನ ಎಡಕ್ಕೆ ಬರೆಯುವ ಗುಣಾಂಕ ಹೇಳುವುದು ಮೋಲ್‌ಗಳ ಲೆಕ್ಕವನ್ನು, ಗ್ರಾಂಗಳದ್ದನ್ನಲ್ಲ. ಮೋಲ್ ಎಂದರೆ ಡಜನ್ ಇದ್ದಂತೆ, ಅಣು ಪರಮಾಣುಗಳನ್ನು ಎಣಿಸುವ ಒಂದು ನಿಗದಿತ ಸಂಖ್ಯೆ. ಒಂದು ಮೋಲ್ ನೈಟ್ರೋಜನ್ ಮೂರು ಮೋಲ್ ಹೈಡ್ರೋಜನ್ ಜೊತೆ ಸೇರಿ ಎರಡು ಮೋಲ್ ಅಮೋನಿಯಾ ಆಗುತ್ತದೆ. ಇದನ್ನೇ ತಕ್ಕಡಿಯಲ್ಲಿಟ್ಟರೆ 28 ಗ್ರಾಂ ನೈಟ್ರೋಜನ್, 6 ಗ್ರಾಂ ಹೈಡ್ರೋಜನ್, 34 ಗ್ರಾಂ ಅಮೋನಿಯಾ. ಒಂದಕ್ಕೆ ಮೂರು ಎಂಬ ಅನುಪಾತ ಗ್ರಾಂಗಳಲ್ಲಿ ಎಲ್ಲಿಯೂ ಕಾಣುವುದಿಲ್ಲ. ಹಾಗಾಗಿ ಲೆಕ್ಕ ಯಾವುದೇ ಇರಲಿ, ಕೊಟ್ಟದ್ದನ್ನು ಮೊದಲು ಮೋಲ್‌ಗೆ ತನ್ನಿ. ಗುಣಾಂಕಗಳನ್ನು ಅಲ್ಲಿ ಮಾತ್ರ ಬಳಸಿ. ಆಮೇಲೆ ಬೇಕಾದ ಏಕಮಾನಕ್ಕೆ ಹೋಗಿ.

ಮೊದಲ ಕೆಲಸ ಸಮೀಕರಣವನ್ನು ಸರಿದೂಗಿಸುವುದು, ಅಂದರೆ ಪ್ರತಿ ಧಾತುವಿನ ಪರಮಾಣುಗಳು ಎರಡೂ ಬದಿ ಸಮವಾಗುವಂತೆ ಗುಣಾಂಕ ಹಾಕುವುದು. ಉರಿಯುವ ಕ್ರಿಯೆಗಳಲ್ಲಿ ಕಾರ್ಬನ್, ನಂತರ ಹೈಡ್ರೋಜನ್, ಕೊನೆಗೆ ಆಕ್ಸಿಜನ್ ಎಂಬ ಕ್ರಮ ಹಿಡಿದರೆ ತೊಡಕಿಲ್ಲ. ಬ್ಯೂಟೇನ್‌ನಲ್ಲಿ 4 ಕಾರ್ಬನ್, 10 ಹೈಡ್ರೋಜನ್ ಇವೆ. ಆದ್ದರಿಂದ ಬಲಬದಿಯಲ್ಲಿ 4 ಕಾರ್ಬನ್ ಡೈಆಕ್ಸೈಡ್, 5 ನೀರು. ಅವುಗಳಲ್ಲಿರುವ ಆಕ್ಸಿಜನ್ ಪರಮಾಣುಗಳು 8 + 5 = 13, ಅಂದರೆ ಆರೂವರೆ ಆಕ್ಸಿಜನ್ ಅಣು. ಅರ್ಧ ಬಂದಾಗ ಇಡೀ ಸಮೀಕರಣವನ್ನು ಎರಡರಿಂದ ಗುಣಿಸಿ: 2 ಬ್ಯೂಟೇನ್ + 13 ಆಕ್ಸಿಜನ್ → 8 ಕಾರ್ಬನ್ ಡೈಆಕ್ಸೈಡ್ + 10 ನೀರು. ಲೆಕ್ಕ ಕೂಡಲಿ ಎಂದು ಅಣುಸೂತ್ರದೊಳಗಿನ ಚಿಕ್ಕ ಅಂಕಿಯನ್ನು ಮಾತ್ರ ಮುಟ್ಟಬೇಡಿ. ನೀರಿನ ಸೂತ್ರಕ್ಕೆ ಇನ್ನೊಂದು ಆಕ್ಸಿಜನ್ ಸೇರಿಸಿದರೆ ಅದು ಹೈಡ್ರೋಜನ್ ಪೆರಾಕ್ಸೈಡ್, ಬೇರೆಯೇ ವಸ್ತು. ಸಲ್ಫೇಟ್, ನೈಟ್ರೇಟ್‌ಗಳಂಥ ಅಯಾನುಗಳು (ವಿದ್ಯುದಾವೇಶವಿರುವ ಕಣಗಳು) ಎರಡೂ ಬದಿ ಇಡಿಯಾಗಿಯೇ ಉಳಿದಿದ್ದರೆ ಅವನ್ನು ಒಡೆಯದೆ ಒಂದೊಂದು ಘಟಕವಾಗಿ ಎಣಿಸಿ.

ಕಾಗದದ ಮೇಲೆ ಸರಿದೂಗಿತು ಎಂದ ಮಾತ್ರಕ್ಕೆ ಕ್ರಿಯೆ ನಡೆಯುತ್ತದೆ ಎಂದಲ್ಲ. ಸೋಡಿಯಂ ನೈಟ್ರೇಟ್ ಮತ್ತು ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣಗಳನ್ನು ಬೆರೆಸಿದರೆ ಏನೂ ಆಗುವುದಿಲ್ಲ, ನಾಲ್ಕೂ ಅಯಾನುಗಳು ನೀರಿನಲ್ಲಿ ಹಾಗೆಯೇ ಇರುತ್ತವೆ. ಅದೇ ಬೇರಿಯಂ ಕ್ಲೋರೈಡ್‌ಗೆ ಸೋಡಿಯಂ ಸಲ್ಫೇಟ್ ಸೇರಿಸಿದರೆ ಕರಗದ ಬೇರಿಯಂ ಸಲ್ಫೇಟ್ ಬೆಳ್ಳಗೆ ತಳ ಸೇರುತ್ತದೆ. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಸತು ಹಾಕಿದರೆ ಹೈಡ್ರೋಜನ್ ಗುಳ್ಳೆ ಬರುತ್ತದೆ, ತಾಮ್ರ ಹಾಕಿದರೆ ಬರುವುದಿಲ್ಲ.

ಈಗ ಮೋಲ್‌ಗೆ ಬರುವ ದಾರಿಗಳು. ಘನವಸ್ತುವಾದರೆ ಗ್ರಾಂಗಳನ್ನು ಮೋಲಾರ್ ರಾಶಿಯಿಂದ (ಒಂದು ಮೋಲ್ ಎಷ್ಟು ಗ್ರಾಂ ಎಂಬುದರಿಂದ) ಭಾಗಿಸಿ. ದ್ರಾವಣವಾದರೆ ಲೀಟರ್‌ಗಳನ್ನು ಮೋಲಾರಿಟಿಯಿಂದ (ಒಂದು ಲೀಟರ್ ದ್ರಾವಣದಲ್ಲಿ ಎಷ್ಟು ಮೋಲ್ ಎಂಬುದರಿಂದ) ಗುಣಿಸಿ. ಮಿಲಿಲೀಟರ್ ಕೊಟ್ಟಿದ್ದರೆ ಮೊದಲು 1000ದಿಂದ ಭಾಗಿಸಬೇಕು, ಇಲ್ಲವಾದರೆ ಉತ್ತರ ಸಾವಿರ ಪಟ್ಟು ಹಿಗ್ಗುತ್ತದೆ. ಶುದ್ಧ ದ್ರವವಾದರೆ ಗಾತ್ರವನ್ನು ಸಾಂದ್ರತೆಯಿಂದ ಗುಣಿಸಿ ಗ್ರಾಂ ಮಾಡಿಕೊಳ್ಳಿ. ಅನಿಲವಾದರೆ ಉಷ್ಣತೆ ಮತ್ತು ಒತ್ತಡ ಎರಡನ್ನೂ ನೋಡಿ. 22.4 ಲೀಟರ್ ಎಂಬುದು 0 ಡಿಗ್ರಿ ಸೆಲ್ಸಿಯಸ್, 1 ಅಟ್ಮಾಸ್ಫಿಯರ್‌ಗೆ ಮಾತ್ರ ಸಲ್ಲುತ್ತದೆ. ಅದೇ ಉಷ್ಣತೆಯಲ್ಲಿ ಒತ್ತಡ 1 ಬಾರ್ ಆದರೆ ಒಂದು ಮೋಲ್‌ಗೆ 22.7 ಲೀಟರ್. 25 ಡಿಗ್ರಿ, 1 ಅಟ್ಮಾಸ್ಫಿಯರ್‌ನಲ್ಲಿ ಸುಮಾರು 24.5 ಲೀಟರ್. ಪ್ರತಿ ಸಾಲಿನಲ್ಲೂ ಅಂಕಿಯ ಪಕ್ಕದಲ್ಲಿ ಏಕಮಾನವನ್ನೂ ವಸ್ತುವಿನ ಹೆಸರನ್ನೂ ಬರೆಯಿರಿ. ಬರೀ "0.075 ಮೋಲ್" ಎಂದು ಬರೆದರೆ ಎರಡು ಸಾಲು ಕಳೆಯುವಷ್ಟರಲ್ಲಿ ಅದು ಯಾವುದರ ಮೋಲ್ ಎಂಬುದೇ ಮರೆತಿರುತ್ತದೆ.

ಎರಡೂ ಪ್ರತಿವರ್ತಕಗಳ ಪ್ರಮಾಣ ಕೊಟ್ಟಿದ್ದರೆ ಅದು ಲಿಮಿಟಿಂಗ್ ರಿಯೇಜೆಂಟ್ ಲೆಕ್ಕ, ಅಂದರೆ ಯಾವುದು ಮೊದಲು ಮುಗಿಯುತ್ತದೆ ಎಂದು ಕಂಡುಹಿಡಿಯುವ ಲೆಕ್ಕ. ಇದನ್ನು ನಿಧಾನವಾಗಿ ನೋಡೋಣ. 5.00 ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್‌ಗೆ 1.50 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ 50.0 ಮಿಲಿಲೀಟರ್ ಹಾಕಿದ್ದೇವೆ ಎನ್ನಿ.

ಕ್ಯಾಲ್ಸಿಯಂ ಕಾರ್ಬೊನೇಟ್ + 2 ಹೈಡ್ರೋಕ್ಲೋರಿಕ್ ಆಮ್ಲ → ಕ್ಯಾಲ್ಸಿಯಂ ಕ್ಲೋರೈಡ್ + ನೀರು + ಕಾರ್ಬನ್ ಡೈಆಕ್ಸೈಡ್

ಕಾರ್ಬೊನೇಟ್: 5.00 ÷ 100.09 = 0.04996 ಮೋಲ್
ಆಮ್ಲ: 0.0500 × 1.50 = 0.0750 ಮೋಲ್

ಆಮ್ಲದ ಮೋಲ್ ಹೆಚ್ಚಿದೆ, ಆದ್ದರಿಂದ ಕಾರ್ಬೊನೇಟ್ ಮೊದಲು ಮುಗಿಯುತ್ತದೆ ಎಂದು ಇಲ್ಲಿಯೇ ತೀರ್ಮಾನಿಸಿದರೆ ಲೆಕ್ಕ ಕೆಟ್ಟಿತು. ಪ್ರತಿಯೊಂದನ್ನೂ ಅದರ ಗುಣಾಂಕದಿಂದ ಭಾಗಿಸಿ ನೋಡಿ. ಕಾರ್ಬೊನೇಟ್ 0.04996 ÷ 1 = 0.04996, ಆಮ್ಲ 0.0750 ÷ 2 = 0.0375. ಚಿಕ್ಕ ಅಂಕಿ ಆಮ್ಲದ್ದು, ಮೊದಲು ಮುಗಿಯುವುದೂ ಅದೇ. ಇನ್ನು ಮುಂದಿನ ಎಲ್ಲ ಲೆಕ್ಕವೂ ಆಮ್ಲದಿಂದಲೇ ಹೊರಡಬೇಕು. ಕಾರ್ಬನ್ ಡೈಆಕ್ಸೈಡ್ 0.0375 ಮೋಲ್, ಅಂದರೆ 0.0375 × 44.01 = 1.65 ಗ್ರಾಂ. ಕಾರ್ಬೊನೇಟ್ ಉಳಿಯುವುದು 0.04996 − 0.0375 = 0.01246 ಮೋಲ್, ಸುಮಾರು 1.25 ಗ್ರಾಂ.

ಉತ್ತರ ಸರಿಯೇ ಎಂದು ನೋಡಲು ರಾಶಿಯನ್ನು ಕೂಡಿಸಿ. ಖರ್ಚಾದ ಕಾರ್ಬೊನೇಟ್ 3.753 ಮತ್ತು ಆಮ್ಲ 2.735, ಒಟ್ಟು 6.488 ಗ್ರಾಂ. ಬಲಬದಿಯಲ್ಲಿ ಕ್ಯಾಲ್ಸಿಯಂ ಕ್ಲೋರೈಡ್ 4.162, ನೀರು 0.676, ಅನಿಲ 1.650, ಒಟ್ಟು 6.488 ಗ್ರಾಂ. ಗುಣಾಂಕ ತಪ್ಪಿದ್ದರೆ ಈ ಎರಡು ಮೊತ್ತ ಕೂಡುವುದಿಲ್ಲ. ಇದಕ್ಕೆ ಎರಡು ನಿಮಿಷ ಸಾಕು, ಪರೀಕ್ಷೆಯಲ್ಲೂ ಮಾಡಿ.

ಇದೇ ಪ್ರಯೋಗವನ್ನು ತಕ್ಕಡಿಯ ಮೇಲೆ ಮಾಡಿ ಅನಿಲ ಹೊರಹೋಗಿ ತೂಕ 1.52 ಗ್ರಾಂ ಇಳಿದರೆ ಇಳುವರಿ, ಅಂದರೆ ಲೆಕ್ಕದಂತೆ ಬರಬೇಕಾದದ್ದರಲ್ಲಿ ನಿಜಕ್ಕೂ ಬಂದ ಪಾಲು, 1.52 ÷ 1.65 × 100 = ಶೇ. 92.1. ಒಂದಷ್ಟು ಅನಿಲ ನೀರಿನಲ್ಲೇ ಕರಗಿ ಉಳಿಯುವುದು, ಫ್ಲಾಸ್ಕಿನೊಳಗೆ ಗಾಳಿಯ ಬದಲು ಭಾರವಾದ ಕಾರ್ಬನ್ ಡೈಆಕ್ಸೈಡ್ ತುಂಬಿಕೊಂಡಿರುವುದು ಇದು ನೂರಕ್ಕಿಂತ ಕಡಿಮೆಯಾಗಲು ಕಾರಣ. ಶೇ. 100 ದಾಟಿದರೆ ಸಂತೋಷಪಡಬೇಡಿ, ಸಿಡಿದ ಆಮ್ಲದ ಹನಿಗಳು ಹೊರಹೋಗಿರುತ್ತವೆ. ಫ್ಲಾಸ್ಕಿನ ಬಾಯಿಗೆ ಹತ್ತಿಯನ್ನು ಸಡಿಲವಾಗಿ ಇಟ್ಟರೆ ಅನಿಲ ಹೋಗುತ್ತದೆ, ಹನಿ ನಿಲ್ಲುತ್ತದೆ. ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಅಮೃತಶಿಲೆ ಚೂರುಗಳನ್ನು ಬಳಸಿದರೆ ಅವಕ್ಕೆ ಸಲ್ಫ್ಯೂರಿಕ್ ಆಮ್ಲ ಬೇಡ. ಚೂರಿನ ಮೇಲೆ ಕ್ಯಾಲ್ಸಿಯಂ ಸಲ್ಫೇಟ್ ಪದರ ಕಟ್ಟಿಕೊಂಡು ಕ್ರಿಯೆ ಅರ್ಧಕ್ಕೇ ನಿಲ್ಲುತ್ತದೆ.

ದ್ರಾವಣ ಮಾಡುವಾಗ ಬಾಟಲಿಯ ಲೇಬಲ್ ಓದದೆ ತೂಗಬೇಡಿ. ತಾಮ್ರದ ಸಲ್ಫೇಟ್‌ನ ನೀಲಿ ಹರಳಿನಲ್ಲಿ ಐದು ನೀರಿನ ಅಣುಗಳಿದ್ದು ಮೋಲಾರ್ ರಾಶಿ 249.69. ನೀರಿಲ್ಲದ ಬಿಳಿ ಪುಡಿಯದ್ದು 159.61. 0.100 ಮೋಲಾರ್ ದ್ರಾವಣ 250 ಮಿಲಿಲೀಟರ್ ಬೇಕಾದರೆ ನೀಲಿ ಹರಳು 6.24 ಗ್ರಾಂ ತೂಗಬೇಕು. ಪುಡಿಯ ಲೆಕ್ಕ ಹಿಡಿದು 3.99 ಗ್ರಾಂ ಹರಳು ಹಾಕಿದರೆ ಸಿಗುವುದು 0.064 ಮೋಲಾರ್ ಮಾತ್ರ. ತೂಗಿದ್ದನ್ನು ಬೀಕರ್‌ನಲ್ಲಿ ಸ್ವಲ್ಪ ನೀರಿನಲ್ಲಿ ಕರಗಿಸಿ, ವಾಲ್ಯೂಮೆಟ್ರಿಕ್ ಫ್ಲಾಸ್ಕಿಗೆ ಸುರಿದು, ಬೀಕರ್ ತೊಳೆದ ನೀರನ್ನೂ ಅದಕ್ಕೇ ಸೇರಿಸಿ, ಗೆರೆಯವರೆಗೆ ತುಂಬಿಸಿ. 250 ಮಿಲಿಲೀಟರ್ ನೀರು ಅಳೆದು ಅದಕ್ಕೆ ಹರಳು ಹಾಕುವುದು ಬೇರೆ, ಅದರಲ್ಲಿ ಒಟ್ಟು ಗಾತ್ರ 250 ಆಗಿಯೇ ಇರುತ್ತದೆಂಬ ಖಾತರಿಯಿಲ್ಲ. ಪ್ರಬಲ ಆಮ್ಲವನ್ನು ತೆಳುವಾಗಿಸುವಾಗ ಆಮ್ಲವನ್ನೇ ನೀರಿಗೆ ನಿಧಾನವಾಗಿ ಸುರಿಯಿರಿ. ಆಮ್ಲಕ್ಕೆ ನೀರು ಹಾಕಿದರೆ ಬಿಸಿಗೆ ಕುದಿದು ಸಿಡಿಯುತ್ತದೆ.

ಟೈಟ್ರೇಷನ್ ಎಂದರೆ ಮೋಲಾರಿಟಿ ಗೊತ್ತಿರುವ ದ್ರಾವಣವನ್ನು ಕ್ರಿಯೆ ಮುಗಿಯುವವರೆಗೆ ಸೇರಿಸಿ ಇನ್ನೊಂದರ ಮೋಲಾರಿಟಿ ಕಂಡುಹಿಡಿಯುವುದು. ಅದರಲ್ಲಿ ಒಂದೇ ಒಂದು ಸೂತ್ರ ಬಹಳ ಹಾಳು ಮಾಡುತ್ತದೆ. ಎರಡು ಬದಿಯ "ಮೋಲಾರಿಟಿ × ಗಾತ್ರ" ಸಮ ಎನ್ನುವುದು ದ್ರಾವಣವನ್ನು ತೆಳುವಾಗಿಸುವ ಸೂತ್ರ. ಟೈಟ್ರೇಷನ್‌ಗೆ ಅದು ಹೊಂದುವುದು ಒಂದಕ್ಕೆ ಒಂದರ ಕ್ರಿಯೆಯಲ್ಲಿ ಮಾತ್ರ. 25.00 ಮಿಲಿಲೀಟರ್ ಸಲ್ಫ್ಯೂರಿಕ್ ಆಮ್ಲಕ್ಕೆ 0.1000 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ 31.40 ಮಿಲಿಲೀಟರ್ ಹಿಡಿಯಿತು ಎನ್ನಿ. ಪ್ರತ್ಯಾಮ್ಲ, ಅಂದರೆ ಇಲ್ಲಿ ಸೋಡಿಯಂ ಹೈಡ್ರಾಕ್ಸೈಡ್, 0.003140 ಮೋಲ್. ಒಂದು ಮೋಲ್ ಆಮ್ಲಕ್ಕೆ ಎರಡು ಮೋಲ್ ಪ್ರತ್ಯಾಮ್ಲ ಬೇಕಾದ್ದರಿಂದ ಆಮ್ಲ 0.001570 ಮೋಲ್, ಮೋಲಾರಿಟಿ 0.06280. ಸೂತ್ರವನ್ನು ಹಾಗೆಯೇ ಹಾಕಿದರೆ ಬರುವ 0.1256 ಸರಿಯಾಗಿ ಇಮ್ಮಡಿ.

ದ್ರಾವಣ ಅಳೆಯುವ ಗಾಜಿನ ಕೊಳವೆಗಳಾದ ಬ್ಯುರೆಟ್, ಪಿಪೆಟ್‌ಗಳನ್ನು ಅವುಗಳಲ್ಲಿ ತುಂಬುವ ದ್ರಾವಣದಿಂದಲೇ ತೊಳೆಯಿರಿ, ಒಳಗೆ ನೀರು ಉಳಿದರೆ ದ್ರಾವಣ ತೆಳುವಾಗುತ್ತದೆ. ಕೋನಿಕಲ್ ಫ್ಲಾಸ್ಕನ್ನು ಶುದ್ಧ ನೀರಿನಿಂದ ಮಾತ್ರ. ಅಲ್ಲಿ ನೀರು ಉಳಿದರೂ ಮೋಲ್ ಬದಲಾಗದು, ಆಮ್ಲ ಉಳಿದರೆ ಬದಲಾಗುತ್ತದೆ. ಬ್ಯುರೆಟ್‌ನ ತುದಿಯಲ್ಲಿ ಗಾಳಿಗುಳ್ಳೆ ಇದ್ದರೆ ಶುರುಮಾಡುವ ಮೊದಲೇ ಹೊರಹಾಕಿ. ಕ್ರಿಯೆ ಮುಗಿದದ್ದನ್ನು ಬಣ್ಣದಿಂದ ತೋರಿಸುವ ಸೂಚಕ ಫಿನಾಲ್ಫ್ತಲೀನ್‌ನ ತಿಳಿಗುಲಾಬಿ ಬಣ್ಣ ಅರ್ಧ ನಿಮಿಷ ನಿಂತರೆ ಸಾಕು. ಆಮೇಲೆ ಅದು ಮಾಸುವುದು ಗಾಳಿಯ ಕಾರ್ಬನ್ ಡೈಆಕ್ಸೈಡ್‌ನಿಂದ, ಅದಕ್ಕಾಗಿ ಇನ್ನೊಂದು ಹನಿ ಹಾಕಬೇಡಿ. ಸೋಡಿಯಂ ಹೈಡ್ರಾಕ್ಸೈಡ್‌ನ ಗುಳಿಗೆಗಳು ಗಾಳಿಯಿಂದ ತೇವವನ್ನೂ ಅದೇ ಅನಿಲವನ್ನೂ ಹೀರುವುದರಿಂದ ತೂಗಿ ಮಾಡಿದ ದ್ರಾವಣದ ಮೋಲಾರಿಟಿಯನ್ನು ನಂಬುವಂತಿಲ್ಲ. ಆಕ್ಸಾಲಿಕ್ ಆಮ್ಲದ ಹರಳನ್ನು, ಎರಡು ನೀರಿನ ಅಣು ಸೇರಿ ಮೋಲಾರ್ ರಾಶಿ 126.07, ನಿಖರವಾಗಿ ತೂಗಿ ಅದರೆದುರು ಟೈಟ್ರೇಟ್ ಮಾಡಿ ಗೊತ್ತುಮಾಡಿಕೊಳ್ಳಿ. ಇಲ್ಲಿಯೂ ಅನುಪಾತ ಒಂದಕ್ಕೆ ಎರಡೇ.