ಕಾಗೆಬಂಗಾರದ ಮಣ್ಣು, ಸಾಂಟಾ ಫೆಯ ಕಾಲೇಜು

ಅಮೆರಿಕದಲ್ಲಿ ಮೂಲನಿವಾಸಿ ಬುಡಕಟ್ಟುಗಳಿಗಾಗಿಯೇ ಕಟ್ಟಿದ ಕಾಲೇಜುಗಳಿವೆ ಅಂತ ನನಗೆ ತಿಳಿದದ್ದು ನ್ಯೂ ಮೆಕ್ಸಿಕೋಗೆ ಬಂದ ಮೇಲೆ. ಅವುಗಳಲ್ಲಿ ಸಾಂಟಾ ಫೆಯ ಇನ್‌ಸ್ಟಿಟ್ಯೂಟ್ ಆಫ್ ಅಮೆರಿಕನ್ ಇಂಡಿಯನ್ ಆರ್ಟ್ಸ್ ಪೂರ್ತಿ ಕಲೆಗೇ ಮೀಸಲಾದದ್ದು. ಬುಡಕಟ್ಟಿನವರಲ್ಲದವರಿಗೂ ಅಲ್ಲಿ ಪ್ರವೇಶ ಇದೆ. ನಾನು ಪದವಿಗೆ ಸೇರದೆ, ಮಡಕೆ ಕೆಲಸದ ತರಗತಿಗಳನ್ನಷ್ಟೇ ತೆಗೆದುಕೊಂಡೆ.

ಸೇರುವ ಮೊದಲು ಕಾಲೇಜಿನ ಇತಿಹಾಸ ಓದಿಕೊಂಡೆ. ಅದರಿಂದ ತುಂಬಾ ಉಪಯೋಗವಾಯಿತು. ಸರ್ಕಾರಿ ವಸತಿ ಶಾಲೆಗಳಲ್ಲಿ ಬುಡಕಟ್ಟಿನ ಮಕ್ಕಳಿಗೆ ತಮ್ಮ ಭಾಷೆ ಆಡಲೂ ಬಿಡದ ಕಾಲವೊಂದಿತ್ತು. ಆಮೇಲೆ, 1932ರಲ್ಲಿ, ಸಾಂಟಾ ಫೆಯ ಇಂಡಿಯನ್ ಸ್ಕೂಲಿನಲ್ಲಿ (ಇಲ್ಲೆಲ್ಲ ‘ಇಂಡಿಯನ್’ ಅಂದರೆ ಅಮೆರಿಕದ ಮೂಲನಿವಾಸಿಗಳು) ಡೊರೊತಿ ಡನ್ ಎಂಬ ಶಿಕ್ಷಕಿ ಚಿತ್ರಕಲಾ ತರಗತಿ ಶುರುಮಾಡಿದರು. ಆದರೆ ಅಲ್ಲಿ ‘ಇಂಡಿಯನ್ ಚಿತ್ರ’ ಅಂದರೆ ಇಂಥದ್ದೇ ಚಪ್ಪಟೆ ಶೈಲಿ ಎಂಬ ಒಂದು ಅಚ್ಚು ಬಿತ್ತು. 1962ರಲ್ಲಿ ಅದೇ ಆವರಣದಲ್ಲಿ ಈ ಸಂಸ್ಥೆ ಹುಟ್ಟಿತು. ಅದರ ಸ್ಥಾಪಕರಲ್ಲೊಬ್ಬರಾದ, ಚೆರೋಕಿ ಬುಡಕಟ್ಟಿನ ಕಲಾವಿದ ಲಾಯ್ಡ್ ಕಿವಾ ನ್ಯೂ ಆ ಅಚ್ಚನ್ನು ಒಡೆದರು. ನಿಮ್ಮ ಪರಂಪರೆಯಿಂದಲೇ ಶುರುಮಾಡಿ, ಆದರೆ ನಿಮ್ಮದೇ ಕೆಲಸ ಮಾಡಿ ಎಂಬುದು ಅವರ ದಾರಿ. ಅಪಾಚೆ ಬುಡಕಟ್ಟಿನ ಶಿಲ್ಪಿ ಅಲನ್ ಹೌಸರ್ ಅಲ್ಲಿ ಕಲಿಸಿದರು. ಚಿತ್ರಕಾರ ಟಿ. ಸಿ. ಕ್ಯಾನನ್ ಅಲ್ಲಿ ಓದಿದರು.

ಈಗ ಮಣ್ಣಿನ ವಿಷಯಕ್ಕೆ ಬರ್ತೀನಿ. ಈ ಕಡೆಯ ಮೂಲನಿವಾಸಿಗಳಾದ ಪ್ವೆಬ್ಲೋ ಜನರ ಸಾಂಪ್ರದಾಯಿಕ ಮಡಕೆಗೆ ತಿಗರಿ ಇಲ್ಲ. ಮಣ್ಣನ್ನು ಬತ್ತಿಯ ಹಾಗೆ ಉದ್ದಕ್ಕೆ ಹೊಸೆದು, ಸುತ್ತಿನ ಮೇಲೆ ಸುತ್ತು ಇಟ್ಟು, ಬೆರಳಿಂದ ಒತ್ತಿ ಬೆಸೆಯುತ್ತಾರೆ. ಅವಸರ ಮಾಡಿದರೆ ಕೆಳಗಿನ ಸುತ್ತು ಕುಸಿಯುತ್ತದೆ. ಅದು ಸ್ವಲ್ಪ ಬಿಗಿಯಾಗುವ ತನಕ ಕಾಯಲೇಬೇಕು. ಒಣಗಿದ ಮೇಲೆ ಉಜ್ಜಿ ಸಮ ಮಾಡಿ, ಮಣ್ಣಿನ ತೆಳು ನೀರು ಬಳಿದು, ಅದು ಆರುವ ಮುಂಚೆಯೇ ನುಣುಪು ಕಲ್ಲಿನಿಂದ ತಿಕ್ಕಬೇಕು. ಮಧ್ಯೆ ಎದ್ದು ಹೋಗುವ ಹಾಗಿಲ್ಲ. ಸುಡುವಾಗ ಪುಡಿಮಾಡಿದ ಲದ್ದಿಯಿಂದ ಬೆಂಕಿಯನ್ನು ಮುಚ್ಚಿದರೆ ಗಾಳಿ ಸಿಗದೆ, ಹೊಗೆಯ ಮಸಿ ಮಣ್ಣೊಳಗೆ ಇಳಿದು ಮಡಕೆ ಕಪ್ಪಾಗುತ್ತದೆ. ಸ್ಯಾನ್ ಇಲ್ಡೆಫಾನ್ಸೊ ಎಂಬ ಪ್ವೆಬ್ಲೋ ಊರಿನ ಮರಿಯಾ ಮಾರ್ಟಿನೆಜ್ ಅವರ ಹೆಸರಾಂತ ಕಪ್ಪು ಮಡಕೆಗಳು ಹೀಗೇ ಆದವು.

ನನಗೆ ಜಾಸ್ತಿ ಹಿಡಿಸಿದ್ದು ಟಾವೋಸ್, ಪಿಕುರಿಸ್ ಎಂಬ ಪ್ವೆಬ್ಲೋ ಊರುಗಳ ಕಡೆಯ ಮಡಕೆ. ಆ ಮಣ್ಣಲ್ಲೇ ಕಾಗೆಬಂಗಾರ, ಅಂದರೆ ಅಭ್ರಕ, ಇರುತ್ತದೆ. ಮಿನುಗೋದು ಇರಲಿ, ಅದು ಬೆಂಕಿಯ ಬಿಸಿಯನ್ನು ಬಿರುಕು ಬಿಡದೆ ತಡೆಯುತ್ತದೆ. ಅದಕ್ಕೇ ಅಲ್ಲಿನವರು ಅದರಲ್ಲಿ ಬೀನ್ಸ್ ಬೇಯಿಸುತ್ತಾ ಬಂದಿದ್ದಾರೆ. ಅಡುಗೆಗೆ ಬರುವ ವಸ್ತು ಕಲೆಯಲ್ಲ ಅನ್ನುವ ಮಾತು ಇಲ್ಲಿ ನಡೆಯೋದಿಲ್ಲ. ನನಗೂ ಅದು ಸರಿ ಅನ್ನಿಸುತ್ತದೆ.

ಮಣ್ಣು ಬುಡಕಟ್ಟಿನ ನೆಲದ್ದು. ಅಗೆಯೋ ಮುಂಚೆ ಪ್ರಾರ್ಥನೆ ಮಾಡಿ ಕೇಳಿಕೊಳ್ಳುವವರಿದ್ದಾರೆ. ನಾನು ಅಲ್ಲಿಗೆ ಅತಿಥಿ. ಹಾಗಾಗಿ ಅಗೆಯಲು ಹೋಗಲಿಲ್ಲ, ಅಂಗಡಿಯ ಮಣ್ಣನ್ನೇ ಬಳಸಿದೆ. ಅವರ ನೀರ್‌ಹಾವು, ಮಳೆಮೋಡದ ಚಿತ್ತಾರಗಳನ್ನೂ ಮುಟ್ಟಲಿಲ್ಲ. ನನ್ನ ಮಡಕೆಯ ಹೆಗಲ ಮೇಲೆ ಬಂದದ್ದು ನಮ್ಮಜ್ಜಿ ಹಾಕುತ್ತಿದ್ದ ಎಳೆ ರಂಗೋಲಿ. ಚುಕ್ಕಿ ಇಟ್ಟು ದುಂಡು ಮೈಮೇಲೆ ಎಳೆ ಸುತ್ತೋದು ನೆಲದ ಮೇಲೆ ಹಾಕಿದಷ್ಟು ಸುಲಭವಲ್ಲ. ಮಡಕೆ ಉಬ್ಬಿದ ಕಡೆ ಚುಕ್ಕಿಗಳ ನಡುವಿನ ಅಂತರ ಹಿಗ್ಗುತ್ತದೆ. ಅದಕ್ಕೆ ಬಾಯಿಯ ಹತ್ತಿರ ಚುಕ್ಕಿಗಳನ್ನು ಒತ್ತಾಗಿಟ್ಟು ಶುರುಮಾಡುತ್ತಿದ್ದೆ.

ಎಲ್ಲರೂ ಕೂತು ಒಬ್ಬೊಬ್ಬರ ಕೆಲಸ ನೋಡುವ ದಿನ, ಚೆನ್ನಾಗಿದೆಯಾ ಅನ್ನೋದಕ್ಕಿಂತ ಮೊದಲು ಬರುತ್ತಿದ್ದ ಪ್ರಶ್ನೆ ‘ಇದನ್ನು ಯಾರಿಂದ ಕಲಿತೆ?’ ಅನ್ನೋದು. ರಂಗೋಲಿಗೆ ನನ್ನ ಬಳಿ ಉತ್ತರವಿತ್ತು. ಮಡಕೆಗೆ ಗುರುಗಳ ಹೆಸರು ಹೇಳುತ್ತಿದ್ದೆ. ಮಾರುವ ಆಸೆಯಿದ್ದರೆ 1990ರ ಇಂಡಿಯನ್ ಆರ್ಟ್ಸ್ ಅಂಡ್ ಕ್ರಾಫ್ಟ್ಸ್ ಕಾಯ್ದೆ ತಿಳಿದಿರಬೇಕು. ನಮ್ಮಂಥವರು ಮಾಡಿದ್ದನ್ನು ಮೂಲನಿವಾಸಿಗಳ ಕೆಲಸ ಅಂತ ಮಾರುವುದು ಅಪರಾಧ. ಅದು ಇರಬೇಕಾದ ಕಾನೂನೇ. ನಕಲಿ ಮಾಲಿನಿಂದ ಅವರ ಹೊಟ್ಟೆಪಾಡಿಗೇ ಪೆಟ್ಟು ಬೀಳುತ್ತದೆ, ಅಲ್ವಾ?

ಸೇರುವ ಯೋಚನೆ ಇರುವವರು ಮೊದಲು ಊರ ನಡುವೆ ಇರುವ ಕಾಲೇಜಿನದೇ ಮ್ಯೂಸಿಯಂಗೆ ಹೋಗಿ. ಈಗಿನ ಕಲಾವಿದರು ಏನು ಮಾಡುತ್ತಿದ್ದಾರೆ ನೋಡಿ. ಆಮೇಲೆ ಅರ್ಜಿ ಹಾಕಿ.