ದತ್ತು ಹೋಗುವವರೆಗೆ ನಾಯಿಮರಿ ನಿಮ್ಮ ಮನೆಯಲ್ಲಿದ್ದರೆ

ಬೀದಿಯಿಂದ ತಂದ ಮರಿಯ ವಿಷಯದಲ್ಲಿ ಮೊದಲು ಭಯಪಡಬೇಕಾದದ್ದು ಪಾರ್ವೊ ರೋಗಕ್ಕೆ, ಅಂದರೆ ವಾಂತಿ, ರಕ್ತಭೇದಿ ತಂದು ಮರಿಯ ಜೀವವನ್ನೇ ತೆಗೆಯಬಲ್ಲ ವೈರಾಣು ರೋಗಕ್ಕೆ. ಆ ವೈರಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ಚಪ್ಪಲಿಗೆ ಅಂಟಿಕೊಂಡು ಮನೆಯೊಳಗೂ ಬರುತ್ತದೆ. 6ರಿಂದ 8 ವಾರಕ್ಕೆ ಮೊದಲ ಲಸಿಕೆ, ಆಮೇಲೆ 16 ವಾರ ತುಂಬುವವರೆಗೆ 3–4 ವಾರಕ್ಕೊಮ್ಮೆ ಮರುಲಸಿಕೆ ಹಾಕಿಸಿ. ರೇಬೀಸ್ ಲಸಿಕೆ 3 ತಿಂಗಳಿಗೆ. ಈ ಲಸಿಕೆಗಳೆಲ್ಲ ಮುಗಿಯುವವರೆಗೆ ಪಾರ್ಕಿನ ನೆಲಕ್ಕೆ ಬಿಡಬೇಡಿ. ಹಾಗೆಂದು ಕೋಣೆಯಲ್ಲಿ ಕೂಡಿಹಾಕಲೂ ಬೇಡಿ. ಎತ್ತಿಕೊಂಡೇ ಗೇಟಿನವರೆಗೆ, ಅಂಗಡಿಯವರೆಗೆ ಹೋಗಿ ಬನ್ನಿ. ಕುಕ್ಕರಿನ ಸೀಟಿ, ಆಟೋ ಸದ್ದು, ಬಿಚ್ಚಿದ ಕೊಡೆ, ಹೆಲ್ಮೆಟ್ ಹಾಕಿದ ಮನುಷ್ಯ ಎಲ್ಲವೂ ಈ ವಯಸ್ಸಿನಲ್ಲೇ ಪರಿಚಯವಾಗಬೇಕು. ಬಾಲ ಮುದುರಿಕೊಂಡರೆ ಬಲವಂತ ಬೇಡ, ನಾಲ್ಕು ಹೆಜ್ಜೆ ಹಿಂದೆ ಸರಿದು ಬೇಯಿಸಿದ ಕೋಳಿಯ ಚೂರೊಂದನ್ನು ಕೊಡಿ.

ಮರಿ ಕಂಡ ಕೂಡಲೇ ಬಟ್ಟಲಿಗೆ ಹಾಲು ಸುರಿಯುವ ಚಟ ನಮ್ಮವರನ್ನು ಬಿಡುವುದೇ ಇಲ್ಲ! ಹಸುವಿನ ಹಾಲಿಗೆ ಅನೇಕ ಮರಿಗಳಿಗೆ ಭೇದಿಯಾಗುತ್ತದೆ. ಮರಿಗಳಿಗೆಂದೇ ಸಿಗುವ ಆಹಾರವನ್ನು ನೆನೆಸಿ ದಿನಕ್ಕೆ 3–4 ಬಾರಿ ಕೊಡಿ. ಈರುಳ್ಳಿ, ದ್ರಾಕ್ಷಿ ಬೇಡವೇ ಬೇಡ. ವಾಂತಿ, ರಕ್ತಭೇದಿ ಕಂಡರೆ ಬೆಳಗಾಗಲಿ ಎಂದು ಕಾಯದೆ ಪಶುವೈದ್ಯರಲ್ಲಿಗೆ ಓಡಿ.

ದತ್ತು ಕೇಳುವವರಿಗೆ ಮುದ್ದಾದ ಫೋಟೊ ಮಾತ್ರ ಸಾಲದು. ರಾತ್ರಿ ಅಳುತ್ತದೆ, ಚಪ್ಪಲಿ ಕಡಿಯುತ್ತದೆ ಎಂದೂ ಹೇಳಿಬಿಡಿ. ಬಾಡಿಗೆ ಮನೆಯವರಾದರೆ ಮಾಲೀಕರ ಒಪ್ಪಿಗೆಯನ್ನು ನೀವೇ ಕೇಳಿ ಖಚಿತಪಡಿಸಿಕೊಳ್ಳಿ.