ಕ್ಯೂಸೆಕ್ ಲೆಕ್ಕ ಗೋಡೆಗೆ ಬರೆದಿಡಿ

ಕಂಪ್ಲಿ ಕಡೆ, ತುಂಗಭದ್ರಾ ಡ್ಯಾಂ ಕೆಳಗಿನ ಹೊಳೆದಂಡೆಯಲ್ಲಿ ಹೊಲ ಇರುವವರಿಗೆ ಮಳೆಗಾಲದಲ್ಲಿ ಒಂದೇ ಚಿಂತೆ. "ಡ್ಯಾಂನಿಂದ ಲಕ್ಷ ಕ್ಯೂಸೆಕ್ ಬಿಟ್ಟಾರಂತೆ" ಎಂದು ಮೊಬೈಲಿಗೆ ಬರುತ್ತದೆ. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ಲಕ್ಷಕ್ಕೆ 28 ಲಕ್ಷ ಲೀಟರ್. ಸರಿ, ಆ ನೀರು ನನ್ನ ಮೋಟರ್ ಮನೆಗೆ ಬರುತ್ತೋ ಇಲ್ವೋ? ಅದನ್ನು ಯಾವ ಟಿವಿಯೂ ಹೇಳುವುದಿಲ್ಲ. ನಿಮ್ಮ ಗೋಡೆಯೇ ಹೇಳಬೇಕು.

ನೀರು ಇಳಿದ ಮೇಲೆ ಗೋಡೆಯ ಮೇಲೆ ಕೆಸರಿನ ಗೆರೆ ಉಳಿಯುತ್ತದೆ. ತೊಳೆಯುವ ಮೊದಲೇ ಅದರ ಮೇಲೆ ಕೆಂಪು ಪೇಂಟ್ ಎಳೆಯಿರಿ. ಪಕ್ಕದಲ್ಲಿ ತಾರೀಖು, ಡ್ಯಾಂನಿಂದ ಬಿಟ್ಟ ಹೊರಹರಿವು ಬರೆಯಿರಿ. ಅಲ್ಲಿ ಬಿಟ್ಟ ನೀರು ನಮ್ಮೂರಿಗೆ ಬರಲು ತಾಸುಗಟ್ಟಲೆ ಬೇಕು. ಹಾಗಾಗಿ ಗೆರೆ ಬಿದ್ದ ಹೊತ್ತಿನದ್ದಲ್ಲ, ಅದಕ್ಕೂ ಮುಂಚಿನ ಲೆಕ್ಕ ಹಿಡಿಯಿರಿ. ಸುತ್ತಲೂ ಜೋರು ಮಳೆ ಬಿದ್ದಿದ್ದರೆ ಅದನ್ನೂ ಬರೆಯಿರಿ, ಹಳ್ಳದ ನೀರೂ ಸೇರಿರುತ್ತದಲ್ವಾ.

ನನ್ನ ಗೋಡೆಯಲ್ಲಿ ಎರಡು ಗೆರೆ ಇವೆ. ಬಾಗಿಲಿಗಿಂತ ಮೇಲಿರುವುದು 2009ರದ್ದು, ಅಪ್ಪ ಇದ್ದಿಲಲ್ಲಿ ಎಳೆದಿದ್ದು. ಕೆಳಗಿನದು 2019ರ ಆಗಸ್ಟ್. ಆವತ್ತು ನಾನು "ಬೆಳಿಗ್ಗೆ ನೋಡಿದರಾಯಿತು" ಎಂದು ಮಲಗಿದೆ. ಮೋಟರ್ ಮುಳುಗಿ, ಕಾಯಿಲ್ ಸುಟ್ಟು, ರಿವೈಂಡಿಂಗ್ ಅಂಗಡಿಗೆ ಹೋಯಿತು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಂನ 19ನೇ ಕ್ರೆಸ್ಟ್ ಗೇಟಿನ (ಡ್ಯಾಂ ನೆತ್ತಿಯಲ್ಲಿ ನೀರು ಬಿಡುವ ಗೇಟು) ಚೈನ್ ಕಡಿದು ಗೇಟೇ ಕೊಚ್ಚಿಹೋಯಿತು. "ಡ್ಯಾಂ ಒಡೀತು" ಎಂದು ಒಬ್ಬರಿಂದೊಬ್ಬರಿಗೆ ಹಬ್ಬಿ, ಪಕ್ಕದ ಮನೆಯವರು ಮಕ್ಕಳನ್ನು ಟ್ರ್ಯಾಕ್ಟರಿಗೆ ಹತ್ತಿಸಿಬಿಟ್ಟರು. ಹೋಗಿದ್ದು 33 ಗೇಟಿನಲ್ಲಿ ಒಂದು. ಒತ್ತಡ ಇಳಿಸಲೆಂದು ಉಳಿದ ಗೇಟುಗಳನ್ನೂ ತೆರೆದರು, ಹೊರಹರಿವು ಲಕ್ಷ ದಾಟಿತು. ನಾನು ಬ್ಯಾಟರಿ ಹಿಡಿದು ಗೋಡೆಯ ಗೆರೆ, ಪಕ್ಕದ ಲೆಕ್ಕ ನೋಡಿದೆ. ಮೋಟರ್ ಎತ್ತಬೇಕು, ಮನೆ ಖಾಲಿ ಮಾಡುವ ಮಾತಿಲ್ಲ ಎಂದು ಗೊತ್ತಾಯಿತು. ಆದರೆ ತಹಶೀಲ್ದಾರರ ಕಡೆಯವರು ಊರು ಬಿಡಿ ಅಂದರೆ ಗೆರೆ ನೋಡುತ್ತಾ ಕೂರಬೇಡಿ, ಹೊರಡಿ.

ಮೋಟರ್ ಎತ್ತುವುದಕ್ಕೆ ಜೂನ್‌ನಲ್ಲೇ ತಯಾರಿ ಬೇಕು. ಬೋಲ್ಟುಗಳಿಗೆ ಗ್ರೀಸ್ ಹಚ್ಚಿಡಿ. ತುಕ್ಕು ಹಿಡಿದ ಬೋಲ್ಟ್ ನಡುರಾತ್ರಿ ಪಾನಾಕ್ಕೆ ಬಗ್ಗುವುದಿಲ್ಲ. ಎತ್ತುವ ಹೊತ್ತಿಗೆ ಮೊದಲು ಲೈನ್‌ಮನ್‌ಗೆ ಹೇಳಿ ಕರೆಂಟ್ ತೆಗೆಸಿ. ಒದ್ದೆ ಕಾಲಲ್ಲಿ ಸ್ಟಾರ್ಟರ್ ಮುಟ್ಟಲೇಬೇಡಿ. ಸ್ಟಾರ್ಟರ್ ಡಬ್ಬಿಯನ್ನು ಬಿಚ್ಚಿ ಮೊದಲೇ ಮನೆಗೆ ಕಳಿಸಿ, ಗಡಿಬಿಡಿಯಲ್ಲಿ ಎಲ್ಲರೂ ಮರೆಯುವುದು ಅದನ್ನೇ. ಬಿಚ್ಚಿದ ಬೋಲ್ಟುಗಳನ್ನು ಚೀಲಕ್ಕೆ ಹಾಕಿ ಮೋಟರಿಗೇ ಕಟ್ಟಿ. ಆಮೇಲೆ ಹಗ್ಗ, ಬೊಂಬು, ನಾಲ್ಕು ಜನ.

ಉಳಿದದ್ದು ನಿಮಗೆ ಗೊತ್ತಿರುವುದೇ. ಪಹಣಿ, ಪಾಸ್‌ಬುಕ್, ಆಧಾರ್ ಪ್ಲಾಸ್ಟಿಕ್ ಚೀಲದಲ್ಲಿ. ದನಗಳನ್ನು ಎತ್ತರಕ್ಕೆ ಹೊಡೆಯಿರಿ. ಆಗದಿದ್ದರೆ ಹಗ್ಗನಾದರೂ ಬಿಚ್ಚಿಬಿಡಿ.

ನೀರು ಇಳಿದ ಮೇಲೆ ಒಳಗೆ ಕಾಲಿಡುವ ಮುನ್ನ ಕೋಲಿನಿಂದ ಮೂಲೆಗಳನ್ನು ತಟ್ಟಿ, ಹಾವು ಇರುತ್ತವೆ. ಬತ್ತ ಮಲಗಿದ್ದರೆ, ಗೋಡೆ ಬಿದ್ದಿದ್ದರೆ ಹಾಗೇ ಫೋಟೊ ತೆಗೆಯಿರಿ. ಸರ್ವೆಗೆ ಬಂದವರಿಗೆ ತೋರಿಸಲು ಬೇಕಾಗುತ್ತದೆ. ಕುಡಿಯುವ ನೀರನ್ನು ಕುದಿಸಿ.

ಪೇಂಟ್ ಡಬ್ಬಿ ಮಾತ್ರ ಅಟ್ಟದ ಮೇಲಿರಲಿ. ನನ್ನದು ಒಮ್ಮೆ ಮೋಟರ್ ಮನೆಯಲ್ಲೇ ಇತ್ತು, ತೇಲಿ ಹೋಯಿತು.